ಕಣ್ಣು, ಬಾಗಿದ ಮೈ, ಹುಳು

ಯಂತ್ರ ಬಂದದ್ದು ಮರದ ಪೆಟ್ಟಿಗೆಯಲ್ಲಿ.
ಫಿಟ್ಟರ್ ಬಂದದ್ದು ಮೂರು ದಿನ ತಡವಾಗಿ,
ಸಿಚುವಾನದಿಂದ. ಹೆಸರು ತಾಂಗ್.
ಶಿಡ್ಲಘಟ್ಟದ ಕೆರೆ ಏರಿಯ ಹಿಂದಿನ ನಮ್ಮ ಶೆಡ್ಡಿಗೆ
ಕಾಲಿಟ್ಟವನು ಮೂಗು ಮುಚ್ಚಿಕೊಳ್ಳಲಿಲ್ಲ.
ಬಂದವರೆಲ್ಲ ಮುಚ್ಚಿಕೊಳ್ಳುತ್ತಾರೆ,
ಅಧಿಕಾರಿಗಳು, ಸೊಸೆಯಂದಿರ ತವರಿನವರು.
ಇವನು ಬೆಂದ ಹುಳದ ನಾತವನ್ನು
ಎದೆ ತುಂಬ ಎಳೆದುಕೊಂಡು ಏನೋ ಅಂದ.
ಮೊಬೈಲು ಅದನ್ನು ಕನ್ನಡ ಮಾಡಿತು:
'ಅಜ್ಜಿಯ ಅಡುಗೆಮನೆ.'

ನಾನು ಲೆಕ್ಕ ಬರೆಯುವವ.
ಲಾಟು ನಂಬರು, ಗೂಡಿನ ತೂಕ, ನೂಲಿನ ತೂಕ,
ಇಷ್ಟೇ ನನ್ನ ಅಕ್ಷರಗಳ ಸಂಸಾರ.
ಆ ಸಂಜೆ ಬೇಸಿನ್ನಿನ ಆವಿ ಕಿಟಕಿಗೆ ಕಟ್ಟಿದಾಗ
ತಾಂಗ್ ಗಾಜಿನ ಮೇಲೆ ಬೆರಳಾಡಿಸಿದ.
ಮೇಲೆ ಅಡ್ಡ ಮಲಗಿದ ಒಂದು ಕಣ್ಣು,
ಅದರಡಿ ಬಾಗಿದ ಮೈ,
ಮೈಯ ಮಡಿಲಲ್ಲಿ ಹುಳು.
'ಶು' ಎಂದ. ನಮ್ಮ ಸೀಮೆಯ ಹಳೆಯ ಹೆಸರು.

ಎಂಥ ನಾಡಪ್ಪಾ,
ಹುಳವನ್ನು ಹೆಸರೊಳಗೇ ಸಾಕಿಕೊಂಡದ್ದು!
ನಮ್ಮೂರನ್ನೂ ರಸೀದಿಯ ಹಿಂದೆ ಬರೆದು ನೋಡಿದೆ:
ಒಂದು ಗುಡಿಸು, ಎರಡು ಒತ್ತು.
ಊರೆಲ್ಲ ಉಣ್ಣುವುದು ಹುಳದ ಅನ್ನ,
ಹೆಸರಲ್ಲಿ ಅದರ ಸುಳಿವಿಲ್ಲ.

ಆಮೇಲೆ ಚಿತ್ರ ತೋರಿಸಿದ.
ಹೊಂಡದಿಂದ ಎತ್ತಿದ ಕಂಚಿನ ಮುಖ,
ಮೂರು ಸಾವಿರ ವರ್ಷಕ್ಕೂ ಹಿಂದಿನದು,
ಮೊರದಂಥ ಕಿವಿ, ತುಟಿಯಲ್ಲಿ ಅರ್ಥವಾಗದ ನಗೆ,
ಕಣ್ಣುಗುಡ್ಡೆ ಮಾತ್ರ ಒನಕೆ ತುದಿಯ ಹಾಗೆ
ಚೋಟುದ್ದ ಹೊರಗೆ.
ಅವರ ಮೊದಲ ದೊರೆಯ ಕಣ್ಣು ಹಾಗೇ ಇತ್ತಂತೆ.
ಹಸಿರು ಉಟ್ಟು ಊರೂರು ತಿರುಗಿ
ಹುಳು ಸಾಕುವುದನ್ನು ಕಲಿಸಿದನಂತೆ.
ಮುರಿದು, ಸುಟ್ಟು, ಹೂತವರು ಯಾರೋ, ಯಾಕೋ.
ಹೊಂಡದ ಬೂದಿಯಲ್ಲಿ ರೇಷ್ಮೆಯ ಕುರುಹಿತ್ತಂತೆ,
ಬರಿಗಣ್ಣಿಗೆ ಕಾಣದಷ್ಟು.

ಹಫೀಜಾಬಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು.
ನಲವತ್ತೊಂದು ವರ್ಷ ಕುದಿನೀರಲ್ಲಿ
ಎಳೆಯ ತುದಿ ಹುಡುಕಿದವಳು.
ಪಡಿತರ ಅಂಗಡಿಯ ಯಂತ್ರ
ಅವಳ ಬೆರಳನ್ನು ನಂಬುವುದಿಲ್ಲ,
ಗೆರೆಗಳೆಲ್ಲ ನೀರುಪಾಲು.
ಚಿತ್ರವನ್ನು ತುಂಬ ಹೊತ್ತು ನೋಡಿ ಅಂದಳು:
'ದೊರೆಯಂತೆ ದೊರೆ!
ಬೇಸಿನ್ನಿನ ಮುಂದೆ ಕೂತವನಪ್ಪಾ ಇವನು.
ತುದಿ ಸಿಗದೆ ಇಣುಕಿ ಇಣುಕಿ
ಕಣ್ಣು ಹೊರಗೆ ಬಂದಿದೆ, ಪಾಪ.'

ಅವಳ ದಖ್ಖನಿ ಮೊಬೈಲಿಗೆ ತಿಳಿಯದು.
ನಾನು ಕನ್ನಡ ಮಾಡಿದೆ, ಅದು ಚೀನೀ ಮಾಡಿತು,
ಎರಡು ಜ್ವರ ಎದ್ದ ಹುಳದಂತೆ
ಮಾತು ಅವನನ್ನು ಮುಟ್ಟಿತು.
ತಾಂಗ್ ನಗಲಿಲ್ಲ.
ಸ್ಪ್ಯಾನರ್ ಕೆಳಗಿಟ್ಟು
ಅವಳ ಬೆರಳುಗಳನ್ನೇ ನೋಡುತ್ತ ನಿಂತ.
ಹೊಸ ಯಂತ್ರ ತುದಿಯನ್ನು ತಾನೇ ಹುಡುಕುತ್ತದೆ,
ಬ್ರಷ್ಷು ಸವರಿ. ಅದಕ್ಕೆ ಕಣ್ಣು ಬೇಡ.
ಅದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹನ್ನೊಂದನೆಯ ದಿನ ಅವನು ಹೊರಟ.
ಹುರಿದ ಹುಳು ಕೇಳಿದ್ದ, ಮೆಣಸಿನಕಾಯಿ ಹಾಕಿ.
ಹಫೀಜಾಬಿ ಥೂ ಅನ್ನುತ್ತಲೇ ಹುರಿದುಕೊಟ್ಟಳು.
ಈಗ ವಾರಕ್ಕೆರಡು ದಿನ ಬರುತ್ತಾಳೆ,
ಯಂತ್ರ ಬಿಟ್ಟ ಗೂಡು ಆರಿಸಲು.

ಗಾಜಿನ ಮೇಲಿನ ಆ ಅಕ್ಷರ ಅಳಿದಿರಲಿಲ್ಲ.
ಬೆರಳಿನ ಜಿಡ್ಡು ಹಿಡಿದ ಗೆರೆ,
ಬೆಳಗಿನ ಮೊದಲ ಆವಿಗೆ ಎದ್ದು ಬರುತ್ತಿತ್ತು.
ನಿನ್ನೆ ಯಾರೋ ಬಟ್ಟೆ ಹಾಕಿ ಒರೆಸಿದ್ದಾರೆ.
ಇವತ್ತು ನೀರು ಕುದಿಯುವವರೆಗೆ ಕಾದೆ.
ಕಣ್ಣು ಮಾತ್ರ ಬಂತು.