ಹದಿನಾಲ್ಕನೆಯ ಡ್ರಾಯರು

ಗುರುವಾರ, ಹೋಬಾರ್ಟ್. ಬೆಟ್ಟದಿಂದಿಳಿದ ಗಾಳಿ
ಮ್ಯೂಸಿಯಮ್ಮಿನ ಹಿಂಬಾಗಿಲನ್ನು ಒದೆಯುತ್ತಿದೆ.
ಒಳಗೆ ನುಸಿಗುಳಿಗೆಯ ಘಾಟು, ಒಂದು ಹೀಟರು,
ಕಾರ್ಕಿನ ಮೇಲೆ ಸಾಲು ಹಿಡಿದು ನಿಂತ
ನಾನೂರ ಹನ್ನೊಂದು ಕರಿ ಜೀರುಂಡೆ.
ಒಂದಕ್ಕೂ ಹಾರಲು ಬಾರದು.

ಅಷ್ಟಕ್ಕೂ ಒಂದೇ ಕುಲದ ಹೆಸರಿಟ್ಟವರು ಪೆಂಗೆಲ್ಲಿ,
ಅರವತ್ತೆರಡನೇ ಇಸವಿಯಲ್ಲಿ, ಕಪ್ಪು ಶಾಯಿಯಲ್ಲಿ.
ರೆಕ್ಕೆಯಿಲ್ಲ, ಹೆಗಲು ಜಾರಿದೆ,
ಬೆನ್ನಿನ ಚಿಪ್ಪೆರಡೂ ಕೂಡಿ ಒಂದೇ ಎರಕ.
ಒಂದೇ ತಾಯ ಮಕ್ಕಳಿರಬೇಕು.

ಅಲ್ಲವಂತೆ.
ಒಂದೊಂದರ ಒಂದೊಂದು ಕಾಲು ಮುರಿದು
ಕೊಳವೆಗೆ ಹಾಕಿ ಕ್ಯಾನ್‌ಬೆರಾಕ್ಕೆ ಕಳಿಸಿದ್ದೆ.
ಉತ್ತರವಾಗಿ ಬಂತು ಒಂದು ಮರದ ಚಿತ್ರ:
ಐದು ದ್ವೀಪ, ಐದು ಬೇರೆ ಬೇರೆ ಮನೆತನ.
ಎಲ್ಲರ ಹಿರಿಯರೂ ಹಾರಿಯೇ ಬಂದವರು,
ಗಾಳಿ ಎತ್ತಿ ಒಗೆದಲ್ಲಿ ಬಿದ್ದವರು.
ಬಿದ್ದ ಮೇಲೆ ಮತ್ತೆ ಎದ್ದು ಹಾರಿದ್ದನ್ನು
ಕಡಲು ಇಟ್ಟುಕೊಂಡಿತು.
ಕಲ್ಲಡಿಗೆ ತೂರಿದ ಸೋಮಾರಿ ಮೊಟ್ಟೆಯಿಟ್ಟಿತು.
ರೆಕ್ಕೆಗೆ ಹೋಗುತ್ತಿದ್ದ ಅನ್ನ ಹೊಟ್ಟೆಗೆ ಹೋಯಿತು.
ಐದು ಸಲ, ಒಬ್ಬರನ್ನೊಬ್ಬರು ಕೇಳದೆ,
ಅದೇ ತೀರ್ಮಾನ
(ತೀರ್ಮಾನ ಎನ್ನಬೇಡ ಎನ್ನುವರು ಪೆಂಗೆಲ್ಲಿ,
ಹುಳ ತೀರ್ಮಾನಿಸುವುದಿಲ್ಲ, ಉಳಿಯುತ್ತದೆ, ಅಷ್ಟೇ).

ಬಸ್ ಸ್ಟಾಪಿನಲ್ಲಿ ಒಬ್ಬಾಕೆ ಕೇಳುತ್ತಿರುತ್ತಾಳೆ,
ಬೇಕರಿಯ ನೇಪಾಳಿ ಹುಡುಗಿ, ಫಿಜಿಯ ನರ್ಸು, ನೀನು
ಅಕ್ಕತಂಗಿಯರೇ ಅಲ್ಲವೇ ಎಂದು.
ಎರಡು ಸಲ ಹೂಂ ಅಂದಿದ್ದೇನೆ,
ಬಸ್ಸು ಬಂದಿತ್ತು.

ಇಲ್ಲದ್ದನ್ನು ಎಣಿಸಿ ಸಂಬಂಧ ಹೇಳಬಾರದು ಅಂತ
ಹೇಳಿದವರ ಮುಂದೆಯೇ ಹೇಗೆ ಹೇಳುವುದು?

ತೊಂಬತ್ತೊಂದರ ಪ್ರಾಯ. ಮಫ್ಲರು ಬಿಚ್ಚಿ ಕೂತರು.
ರಾತ್ರಿಯೇ ನೆನೆಸಿಟ್ಟ ಒಂದರ ಬೆನ್ನಿಗೆ ಸೂಜಿ ಕೊಟ್ಟೆ.
ಟಿಕ್ಕೆಂದು ಬಿಟ್ಟಿತು ಬೆಸುಗೆ.
ಲೆನ್ಸಿನಡಿ, ಉಗುರಿನ ಸಿಬಿರಿಗಿಂತ ಸಣ್ಣ ರೆಕ್ಕೆ,
ಅದರಲ್ಲಿ ಒಂದೂವರೆ ನರ.
ಇನ್ನೊಂದು ದ್ವೀಪದ್ದನ್ನು ತೆರೆದೆ.
ಅಲ್ಲಿ ಎರಡು, ಕವಲೊಡೆದು ನಿಂತದ್ದು.
ನೋಡಿದರು. ಕನ್ನಡಕ ಒರೆಸಿ ನೋಡಿದರು.
“ನಾನು ಚಿಪ್ಪು ಎತ್ತಲೇ ಇಲ್ಲ,” ಎಂದರು,
“ಮುರಿದೀತು ಅಂತ.”

ಆಮೇಲೆ ಇಕ್ಕಳ ಕೇಳಿದರು.
ಮೊದಲ ಪಿನ್ನು ತಾವೇ ಕಿತ್ತು, ಕೈ ನಡುಗಿ,
ಒಂದು ಮೀಸೆ ಉದುರಿ, ಬೈದುಕೊಂಡು,
ಹೊಸ ಡ್ರಾಯರಿಗೆ ದಾಟಿಸಿದರು.
ಹನ್ನೆರಡನೆಯದರ ಹೊತ್ತಿಗೆ ಚಹಾ ಆರಿತ್ತು.
ಉದುರಿದ ಮೀಸೆಯನ್ನು ಅಂಟು ಹಚ್ಚಿ
ಅದರ ಚೀಟಿಯ ಮೇಲೆಯೇ ಕೂರಿಸಿದೆ.

ಸಂಜೆ ಟ್ಯಾಕ್ಸಿ ಹತ್ತಿಸುವಾಗ ಗಾಳಿ
ಅವರ ಟೋಪಿಯನ್ನು ಬಂದರಿನ ಕಡೆ ಒಯ್ದಿತು.
ಬಿಡು, ಎಂದರು, ಅದು ಹಾರುವಂಥದ್ದು.

ದೀಪ ಆರಿಸುವ ಮುನ್ನ ಹಳೆಯ ಡ್ರಾಯರು ಎಳೆದೆ.
ಕಾರ್ಕಿನಲ್ಲಿ ಹನ್ನೆರಡು ತೂತು,
ಪಟ್ಟಿಯಿಟ್ಟು ಚುಚ್ಚಿದಷ್ಟು ನೇರ.