ಹಸಿರಂಗಿ

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸು ಗಾಡಿ. ಮೂವತ್ತು ಡಬ್ಬಿ ಎಣಿಸಿ
ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರು ಮಾಡಿದ್ದೆ.
ಎದುರಿನ ಟಿವಿಎಸ್ಸು ಮೆಲ್ಲಗೆ ವಾಲಿತು,
ಅದರ ಮೇಲಿದ್ದ ಮುದುಕ
ಹಗ್ಗದಿಂದ ಜಾರಿದ ಪಂಚೆಯಂತೆ
ಟಾರಿನ ಮೇಲೆ.

ನಾವು ನೂರು ಜನವಾದರೂ ಇದ್ದೆವು.

ಪಕ್ಕದವನ ಮುಖ ನೋಡಿದೆ:
ನಿರಾಳವಾಗಿತ್ತು.
ಅವನು ನನ್ನ ಮುಖ ನೋಡಿದ:
ಅದೂ ನಿರಾಳವಾಗಿತ್ತಂತೆ, ಆಮೇಲೆ ಹೇಳಿದ.
ಏನೂ ಆಗಿಲ್ಲ ಎಂಬುದನ್ನು
ಒಬ್ಬರ ಮುಖದಲ್ಲೊಬ್ಬರು ಓದಿಕೊಂಡೆವು,
ಪರೀಕ್ಷೆಯಲ್ಲಿ ಇಬ್ಬರು ದಡ್ಡರು
ಒಬ್ಬರದೊಬ್ಬರು ಕಾಪಿ ಹೊಡೆದಂತೆ.

"ಕುಡಿದಿರ್ಬೇಕು ಬಿಡ್ರಿ" ಅಂದಿತು ಹಿಂದಿನಿಂದೊಂದು ಬಾಯಿ.
ಎಷ್ಟು ಹಾಯೆನಿಸಿತು ಆ ಮಾತು!
ಏಪ್ರಿಲ್ಲು, ಮಧ್ಯಾಹ್ನ ಎರಡು ಗಂಟೆ,
ನಾನೇ ತಲೆ ಸುತ್ತಿ ಹ್ಯಾಂಡಲ್ಲಿಗೆ ಒರಗಿದ್ದೆ.
ನನಗಾದರೆ ಅದು ಬಿಸಿಲು;
ಅವನಿಗಾದರೆ ಅವನ ಗುಣ.

ಹೊಣೆ ಎಂಬುದು ನಮ್ಮೂರ ಮಂಡಕ್ಕಿ:
ಚೀಲ ನೋಡಿದರೆ ಆಳೆತ್ತರ,
ನೂರು ಕೈಗೆ ಹಂಚಿದರೆ
ಅಂಗೈ ಮೇಲಿದೆಯೋ ಇಲ್ಲವೋ ತಿಳಿಯದು.
ಉಫ್ ಎಂದರೆ ಹಾರುತ್ತದೆ.

ಆಗ ಬಂದಳು ಭಟ್ಟಿಯ ಮಾಬುನ್ನಿ
(ಹೆಸರು ಆಮೇಲೆ ತಿಳಿದದ್ದು),
ರೆಪ್ಪೆಗೆಲ್ಲ ಹೊಟ್ಟಿನ ಬೂದಿ.
ತಲೆ ಮೇಲಿನ ಚೀಲ ಬಿಸಾಕಿದಳು,
ಅದು ಸದ್ದೇ ಮಾಡದೆ ಬಿತ್ತು.
"ಯಾರಾದ್ರೂ ಬರ್ರಿ" ಅನ್ನಲಿಲ್ಲ.
ಯಾರಾದರೂ ಎಂಬ ಮನುಷ್ಯ
ದಾವಣಗೆರೆಯಲ್ಲಿ ಇಲ್ಲವೆಂದು ಅವಳಿಗೆ ಗೊತ್ತಿತ್ತೇನೋ.
ಬೆರಳು ಚಾಚಿದಳು ನೆಟ್ಟಗೆ ನನ್ನೆದೆಗೆ:
"ಏ ಹಸಿರಂಗಿ, ನಿಂಗೇ ಹೇಳಿದ್ದು, ನೀರ್ ತಗಂಬಾ.
ಕನ್ನಡಕದೋನೇ, ಆಟೋ ನಿಲ್ಸು."

ಅಷ್ಟೆ. ನನಗೆ ಕಾಲು ಬಂದವು.
ಅಪ್ಪ ಇಟ್ಟ ಹೆಸರು ಕೂಗಿದರೂ
ಹಾಗೆ ಓಡಿದವನಲ್ಲ ನಾನು.

ಮುದುಕನ ಹೆಸರು ಕರಿಬಸಪ್ಪ. ಹನಿ ಮುಟ್ಟಿದವನಲ್ಲ.
ಸಕ್ಕರೆ ಕಾಯಿಲೆ, ಬೆಳಗಿನಿಂದ ಉಪವಾಸ.
ಆಸ್ಪತ್ರೆಯಲ್ಲಿ ಎರಡು ಬಿಸ್ಕತ್ತು ತಿಂದು
ಚಪ್ಪಲಿ ಎಲ್ಲಿ ಎಂದು ಕೇಳಿದನಂತೆ.

ಮನೆಯಲ್ಲಿ ಹೇಳಿದೆ: ನಾನೇ ಮೊದಲು ಓಡಿದೆ.
ಹೇಳುವಾಗ ಸುಳ್ಳು ಅನಿಸಲೇ ಇಲ್ಲ.
ಭಾವನ ಎದುರು ಇನ್ನೊಮ್ಮೆ ಹೇಳುವಷ್ಟರಲ್ಲಿ
ಮಾಬುನ್ನಿ ಕತೆಯಿಂದ ಇಳಿದು ಹೋಗಿದ್ದಳು,
ಚೀಲ ಹೊತ್ತು.

ಇವತ್ತು ಮತ್ತೆ ಗೇಟು ಬಿದ್ದಿದೆ.
ಪಕ್ಕದಲ್ಲೇ ದಾಟಿ ಹೋದಳು. ಗುರುತು ಹತ್ತಲಿಲ್ಲ.
ಬಿಳಿ ಅಂಗಿ ಹಾಕಿದ್ದೇನೆ.
ಸುತ್ತ ನೂರು ಜನ. ಡಬ್ಬಿ ಎಣಿಸುತ್ತಿದ್ದೇನೆ.