ಗುರುವಾರದ ರಜೆ

ಟೊಕೊರೋವಾದಲ್ಲಿ ಮರದ ಕಾರ್ಖಾನೆಯ ವಾಸನೆ
ಬಟ್ಟೆ ಒಗೆದರೂ ಹೋಗದು.
ತೆಪಾಯೆರು ಲಕೋಟೆ ಒಡೆದದ್ದು ಕಾರಿನಲ್ಲೇ,
ಹಿಂದಿನ ಸೀಟಿನಲ್ಲಿ ಯಾರದೋ ಮಗು ನಿದ್ದೆಹೋಗಿತ್ತು.

ಶುಲ್ಕ ಪೂರ್ತಿ. ವಾರಕ್ಕೊಂದು ದಿನ ಓದುವ ರಜೆ,
ಅವಳ ಬದಲಿಗೆ ಬರುವವಳ ಸಂಬಳಕ್ಕೂ ಇಷ್ಟು ದುಡ್ಡು.
ಎರಡು ಸಲ ಓದಿದಳು. ಮೂರನೆಯ ಸಲ,
ಹೆಸರು ತನ್ನದೇ ಹೌದೋ ಅಂತ.

ಹತ್ತೊಂಬತ್ತು ವರ್ಷ
ನಡುರಾತ್ರಿ ಆಶ್ರಯಮನೆಯ ಬಾಗಿಲು ತೆರೆದವಳು,
ಪೊಲೀಸರ ಮುಂದೆ ಮಾತೇ ಹೊರಡದವರ ಪಕ್ಕ
ಸುಮ್ಮನೆ ಕೂತವಳು.
ಕೋರ್ಟಿನಲ್ಲಿ ಮಾತ್ರ ಕೇಳುತ್ತಿದ್ದರು:
"ನಿಮ್ಮ ವಿದ್ಯಾರ್ಹತೆ?"

ಈಗ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ.
ಎಂಬತ್ತೆಂಟನೇ ಪುಟದಲ್ಲಿ, ಆ ಸುಮ್ಮನೆ ಕೂರುವುದಕ್ಕೆ
ಉದ್ದನೆಯದೊಂದು ಹೆಸರಿದೆ.
ನಗು ಬಂತು. ಅಡಿಗೆರೆ ಎಳೆದಳು.
ಆಮೇಲೆ, ಯಾಕೋ, ಸಿಟ್ಟೂ ಬಂತು.

ಪ್ರಬಂಧಕ್ಕೆ ಸಾವಿರದೈನೂರು ಪದ ಬೇಕು.
ಬರೆದದ್ದು ನಲವತ್ತು.
ಫೋನು ಮೇಜಿನ ಮೇಲೆ ಅದುರುತ್ತ ಅಂಚಿಗೆ ಸರಿಯುತ್ತಿದೆ.
ಇವತ್ತು ಗುರುವಾರ, ಅಲ್ಲಿ ಇನ್ನೊಬ್ಬಳಿದ್ದಾಳೆ,
ಎತ್ತಬೇಕಾಗಿಲ್ಲ.

ಬಲಗೈಯಲ್ಲಿ ಪೆನ್ನು ಹಾಗೇ ಇದೆ.
"ಹೇಳಮ್ಮಾ, ಎಲ್ಲಿದ್ದೀಯ?"